ಅವನು ನಮ್ಮ ಫೋಟೋ ನೋಡಿದನೇ?

ಇದು ಕಳೆದ ವರ್ಷದ ಮಾತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ದಿನಗಳು, ಊರಿಗೆ ಊರೇ ಸೀನುತ್ತಿತ್ತು. ನಾನು ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೊಂದು ನೀಲಿ ಪರದೆ ಇಟ್ಟುಕೊಂಡು ಫೋಟೋ ತೆಗೆದುಕೊಡುತ್ತೇನೆ. ಅಂಗಡಿಗೆ ಬೋರ್ಡೂ ಇಲ್ಲ. ಆದರೂ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ನನ್ನ ಹತ್ತಿರವೇ ಬರುತ್ತಾರೆ. ಗಂಡಸರ ಸ್ಟುಡಿಯೋದಲ್ಲಿ ಕೂರುವುದೆಂದರೆ ಅವರಿಗೆ ಮುಜುಗರ. ಪರೀಕ್ಷೆಗೆ ಬೇಕಾದ ಫೋಟೋ, ವರನ ಕಡೆಯವರಿಗೆ ಕಳಿಸುವ ಫೋಟೋ, ಎಲ್ಲವೂ ನನ್ನ ಕಂಪ್ಯೂಟರಿನಲ್ಲೇ ಇರುತ್ತಿದ್ದವು. ಯಾರು ಯಾವಾಗ ಇನ್ನೊಂದು ಪ್ರತಿ ಕೇಳುತ್ತಾರೋ ಎಂದು ಒಂದನ್ನೂ ಅಳಿಸುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಎದುರು ಮನೆಯ ಸವಿತಾಳ ಫೋಟೋ ಪ್ರಿಂಟ್ ತೆಗೆಯಬೇಕಿತ್ತು. ಸಂಜೆಯೊಳಗೆ ಅದು ಹುಡುಗನ ಕಡೆಯವರ ಕೈ ಸೇರಬೇಕು. ಪ್ರಿಂಟರ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ವೈರು ಕಿತ್ತು ಹಾಕಿದೆ, ಕಂಪ್ಯೂಟರ್ ಆರಿಸಿ ಹೊತ್ತಿಸಿದೆ, ಬೈದೆ. ಕೊನೆಗೆ ಕಂಪನಿಯ ಸಹಾಯವಾಣಿಯೆಂದು ಇಂಟರ್ನೆಟ್ಟಿನಲ್ಲಿ ಮೊದಲು ಸಿಕ್ಕ ನಂಬರಿಗೆ ಫೋನ್ ಹಚ್ಚಿದೆ.

ಎತ್ತಿದವನು ಬಹಳ ನಯವಾಗಿ ಮಾತಾಡಿದ. ಅರ್ಧ ಹಿಂದಿ, ಅರ್ಧ ಹರಕು ಕನ್ನಡ. ಒಂದು ಆ್ಯಪ್ ಹಾಕಿಕೊಳ್ಳಿ ಮೇಡಂ ಎಂದ, ಹಾಕಿಕೊಂಡೆ. ಅದರಲ್ಲಿ ಕಾಣುವ ಅಂಕಿ ಓದಿ ಎಂದ, ಗಿಳಿಯಂತೆ ಓದಿದೆ. ಆಗ ಕಂಪ್ಯೂಟರ್ ಪರದೆಯ ಮೇಲಿನ ಮೌಸ್ ಬಾಣ ತಾನೇ ಓಡತೊಡಗಿತು. ನನ್ನ ಕೈ ನನ್ನ ತೊಡೆಯ ಮೇಲಿತ್ತು.

ಕೆಂಪಗೆ ಏನೋ ಬಂತು. "ಮೇಡಂ, ತುಂಬಾ ವೈರಸ್ ಇದೆ" ಎಂದ. ಬಾಣ ಫೋಟೋಗಳ ಫೋಲ್ಡರಿನ ಮೇಲೆ ಹೋಗಿ ನಿಂತಿತು. ಅದು ತೆರೆದುಕೊಂಡಿತು. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸಾಲಾಗಿ ಕಂಡರು. ಅವನು "ಬಹಳ ಲೇಡೀಸ್ ಫೋಟೋ ಇವೆಯಲ್ಲ ಮೇಡಂ" ಎಂದು ನಕ್ಕ.

ಪ್ರಿಂಟರ್ ರಿಪೇರಿ ಮಾಡುವವನಿಗೆ ಫೋಟೋ ಯಾಕೆ ಬೇಕು? ಬಂದ್ ಮಾಡಲೆಂದು ಕೈ ಚಾಚಿದೆ. "ಮುಟ್ಟಬೇಡಿ! ಈಗ ಆಫ್ ಮಾಡಿದರೆ ಎಲ್ಲಾ ಅಳಿಸಿ ಹೋಗುತ್ತದೆ" ಎಂದು ಜಬರಿಸಿದ. ದನಿಯಲ್ಲಿ ನಯ ಉಳಿದಿರಲಿಲ್ಲ. ಕೈ ಅಲ್ಲೇ ನಿಂತಿತು. ಬಾಣ ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡುತ್ತಿತ್ತು. ಸವಿತಾಳ ಮುಖ ಪರದೆ ತುಂಬ ಬಂತು.

ಅಷ್ಟರಲ್ಲಿ ಹೊಲದಿಂದ ನಮ್ಮ ಮಾವನವರು ಬಂದರು. "ಯಾಕ ಯವ್ವಾ, ಮಾರಿ ಹಿಂಗ್ಯಾಕ ಬಿಳಚಗೊಂಡೈತಿ?"

"ವೈರಸ್ ಬಂದೈತಂತರಿ ಮಾವಾರ" ಎಂದೆ.

ನಮ್ಮ ಮಾವನವರಿಗೆ ಗೊತ್ತಿರುವ ವೈರಸ್ ಒಂದೇ. ಮೆಣಸಿನ ಗಿಡದ ಎಲೆ ಮುರುಟಿಸಿ, ಒಂದು ಗಿಡದಿಂದ ಇಡೀ ಹೊಲಕ್ಕೆ ಹಬ್ಬುವ ರೋಗ. "ವೈರಸ್ ಬಂದದ್ದನ್ನ ಮುಂದ ಇಟ್ಕೊಂಡು ಕುಂತೀಯಲ್ಲ! ಮದ್ಲ ಕಿತ್ತ ಒಗೀಬೇಕು, ಇಲ್ಲಂದ್ರ ಎಲ್ಲಾದಕ್ಕೂ ಹತ್ತತೈತಿ!" ಎಂದವರೇ ಗೋಡೆಯ ಸ್ವಿಚ್ ಬೋರ್ಡಿನಲ್ಲಿದ್ದ ವೈರುಗಳನ್ನೆಲ್ಲ ಬುಡಸಮೇತ ಎಳೆದುಬಿಟ್ಟರು. ಕಂಪ್ಯೂಟರ್, ಪ್ರಿಂಟರ್, ಇಂಟರ್ನೆಟ್ ಡಬ್ಬಿ, ಟೇಬಲ್ ಫ್ಯಾನು, ಒಂದನ್ನೂ ಬಿಡಲಿಲ್ಲ. ಫೋನಿನಲ್ಲಿ ಅವನು ಹಲೋ ಹಲೋ ಎಂದು ಅರಚುತ್ತಿದ್ದ. ಮಾವನವರು ಅದನ್ನೂ ಕಸಿದುಕೊಂಡು, "ಯಾರಪಾ ನೀನು? ಯಾವೂರು?" ಎಂದರು. ಫೋನ್ ಕಟ್ಟಾಯಿತು.

ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ನಮ್ಮ ಮನೆಯವರು ಕೆಲಸದಿಂದ ಬಂದವರೇ ಸೈಬರ್ ದೂರು ಕೊಟ್ಟರು. ಬ್ಯಾಂಕಿಗೂ ತಿಳಿಸಿದರು. ನನಗೆ ಬ್ಯಾಂಕಿನ ಚಿಂತೆ ಇರಲಿಲ್ಲ. ಫೋಟೋಗಳು ಅವನ ಕೈಗೆ ಹೋದವೇ, ಇಲ್ಲವೇ? ಹುಡುಗಿಯರ ಫೋಟೋ ತಿದ್ದಿ ಏನೇನು ಮಾಡುತ್ತಾರೆಂದು ಪೇಪರಿನಲ್ಲಿ ಓದಿದ್ದೆ. ಅನ್ನ ಸೇರಲಿಲ್ಲ.

ಮರುದಿನ ಸಿಪಿಯು ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಾವನವರೊಂದಿಗೆ ಬಸ್ಸಿನಲ್ಲಿ ಹಾವೇರಿಗೆ ಹೋದೆ. ಅಲ್ಲಿ ಒಂದು ದೊಡ್ಡ ಕಂಪ್ಯೂಟರ್ ರಿಪೇರಿ ಅಂಗಡಿ. "ಬಿಟ್ಟು ಹೋಗ್ರಿ, ಪಾಸ್‌ವರ್ಡ್ ಬರದಕೊಡ್ರಿ, ನಾವ ಫೋನ್ ಮಾಡ್ತೀವಿ" ಎಂದರು. ಒಳಗೆ ಇಬ್ಬರು ಚಹಾ ಕುಡಿಯುತ್ತ, ರಿಪೇರಿಗೆ ಬಂದ ಇನ್ನ್ಯಾರದೋ ಕಂಪ್ಯೂಟರಿನಲ್ಲಿ ಮದುವೆ ಫೋಟೋ ನೋಡಿ ನಗುತ್ತಿದ್ದರು. ಡಬ್ಬಿಯನ್ನು ಮಗುವಿನಂತೆ ಅವಚಿಕೊಂಡು ಹೊರಗೆ ಬಂದೆ.

ಅಲ್ಲಿಂದ ರಾಣೆಬೆನ್ನೂರಿಗೆ ಹೋದೆವು. ನನ್ನ ಗೆಳತಿ ಹೇಳಿದ ಸಣ್ಣ ಅಂಗಡಿ ಅದು. ನಡೆಸುವವರು ಖಾದರಸಾಬ್ ಎಂಬ ನಡುವಯಸ್ಸಿನವರು. ಒಳಗೆ ಕಾಲಿಡಲೂ ನನಗೆ ಅಂಜಿಕೆ. ಎಲ್ಲ ಕೇಳಿಕೊಂಡು ಅವರು, "ಕುಂದ್ರಿ ಅಕ್ಕಾರ, ನಿಮ್ಮ ಮುಂದನ ಬಿಚ್ಚತೇನಿ. ಪಾಸ್‌ವರ್ಡ್ ನನಗ ಹೇಳಬ್ಯಾಡ್ರಿ, ನೀವ ಒತ್ತರಿ" ಎಂದು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಇಂಟರ್ನೆಟ್ ಜೋಡಿಸದೆಯೇ ಆ ಆ್ಯಪ್ ಕಿತ್ತುಹಾಕಿದರು, ಬಹಳ ಹೊತ್ತು ಹುಡುಕಿದರು. ಫೋಟೋಗಳ ಫೋಲ್ಡರನ್ನು ತೆರೆಯಲೇ ಇಲ್ಲ.

"ಅಂವ ಫೈಲ್ ಒಯ್ದಿದ್ದಕ್ಕ ಗುರ್ತು ಸಿಗವಲ್ದು" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಆದ್ರ ನೋಡ್ಯಾನ. ನೋಡುಮುಂದ ತನ್ನ ಮೊಬೈಲಿನಾಗ ಫೋಟೋ ಹೊಡಕೊಂಡಿದ್ರ ಅದು ನನಗ ತಿಳಿಯಂಗಿಲ್ಲ. ಏನೂ ಆಗಿಲ್ಲ ಅಂತ ನಾ ಹೆಂಗ ಹೇಳ್ಲಿ?" ಎಂದರು.

ಏನೂ ಆಗಿಲ್ಲವೆಂಬ ಒಂದು ಮಾತಿಗಾಗಿ ಅಷ್ಟು ದೂರ ಹೋಗಿದ್ದೆ. ಆ ಮಾತು ಕೊಡದ ಆ ಮನುಷ್ಯನನ್ನೇ ನಂಬಬಹುದೆಂದು ಆಗ ಅನಿಸಿತು. ಅಂಜಿಕೆ ಮಾತ್ರ ಇಳಿಯಲಿಲ್ಲ.

ಊರಿಗೆ ಬಂದು ಮನೆಮನೆಗೆ ಹೋಗಿ ಹೇಳಿದೆ. ಕೆಲವರು ಸಿಡುಕಿದರು, ಒಬ್ಬರು ಬಾಗಿಲು ಮುಚ್ಚಿಕೊಂಡರು. ಸವಿತಾ ಮಾತ್ರ ಪೂರ್ತಿ ಕೇಳಿಸಿಕೊಂಡು, "ಅಂವ ನನ್ನ ಫೋಟೋ ನೋಡಿದನೇನ್ರಿ ಅಕ್ಕಾ?" ಎಂದಳು. ನಾನು ತಲೆ ತಗ್ಗಿಸಿದೆ. "ಇಲ್ಲಂತ ಸುಳ್ಳರ ಹೇಳ್ರಿ" ಎಂದಳು. ಇಬ್ಬರೂ ಅಳುತ್ತ ನಿಂತೆವು.

ಅಂದಿನಿಂದ ನನ್ನ ಹತ್ತಿರ ಫೋಟೋ ತೆಗೆಸಿಕೊಂಡವರು, ಪ್ರಿಂಟ್ ಕೈಗೆ ಬಂದಮೇಲೆ ಕಂಪ್ಯೂಟರಿನಲ್ಲಿರುವುದನ್ನು ತಮ್ಮ ಕೈಯಾರೆ ಅಳಿಸಿ ಹೋಗುತ್ತಾರೆ. ನಾನೇ ಹಾಗೆ ಮಾಡಿಸುತ್ತೇನೆ. ಸವಿತಾಳ ಮದುವೆಯೂ ಆಯಿತು. ಇಲ್ಲಿಯವರೆಗೆ ಯಾರ ಫೋಟೋವೂ ಎಲ್ಲಿಯೂ ಕಂಡಿಲ್ಲ, ದೇವರು ದೊಡ್ಡವನು. ಆದರೆ ಅವಳು ತವರಿಗೆ ಬಂದಾಗ "ಅಕ್ಕಾ" ಎಂದು ಹೊರಗಿನಿಂದ ಕೂಗಿದರೆ ಸಾಕು, ಓಗೊಡುವ ಮೊದಲು ಆ ದನಿಯಲ್ಲಿ ಅಳು ಇದೆಯೇ ಎಂದು ಕಿವಿಗೊಡುತ್ತೇನೆ.