ಕಾಲುವೆ ದಂಡೆಯ ವಾಲಿಬಾಲ್ ಮೈದಾನ

ನಮ್ಮೂರಿನ ವಾಲಿಬಾಲ್ ಮೈದಾನ ಊರಿನವರು ಮಾಡಿದ್ದಲ್ಲ. ಸುರಪುರ ತಾಲೂಕಿನಲ್ಲಿ ಕಾಲುವೆ ಅಗೆಯುವಾಗ ನಮ್ಮ ಊರಾಚೆ ಕೆಲಸಗಾರರ ಕ್ಯಾಂಪ್ ಇತ್ತು. ಸಂಜೆ ಹೊತ್ತು ಹೋಗಲೆಂದು ಅವರೇ ದಂಡೆಯ ಪಕ್ಕದ ಎರೆ ನೆಲಕ್ಕೆ ಮೊರಂ ಮಣ್ಣು ಹಾಕಿ, ರೋಲರ್ ಓಡಿಸಿ, ಕಬ್ಬಿಣದ ಪೈಪು ನಿಲ್ಲಿಸಿ ನೆಟ್ ಕಟ್ಟಿದ್ದರು. ಕ್ಯಾಂಪಿನಲ್ಲಿ ತೆಲುಗಿನವರಿದ್ದರು, ತಮಿಳಿನವರಿದ್ದರು. ಯಾರು ಯಾವ ಕೇರಿಯವರೆಂದು ಅವರು ಕೇಳುತ್ತಿರಲಿಲ್ಲ. ಹಾಗಾಗಿಯೇ ನಮ್ಮ ಅಣ್ಣನಿಗೆ ಅಲ್ಲಿ ಆಟ ಕಲಿಯಲು ಸಾಧ್ಯವಾಯಿತು.

ಅಣ್ಣನದು ಉದ್ದ ಕೈ, ತೆಳ್ಳನೆಯ ಮೈ. ಹಗಲೆಲ್ಲ ಕಾಲುವೆಗೆ ಕಲ್ಲು ಹೊತ್ತು ಸಂಜೆ ನೆಟ್ ಮುಂದೆ ನಿಂತರೆ ದಣಿವೇ ಇಲ್ಲದವನಂತೆ ಜಿಗಿಯುತ್ತಿದ್ದ. ಕ್ಯಾಂಪಿನವರು ಹೋದ ಮೇಲೆ ಮೈದಾನ ಊರಿನದಾಯಿತು. ಗೌಡರ ಮಗ ಕ್ಯಾಪ್ಟನ್ ಆದ. ಅಣ್ಣನಿಲ್ಲದೆ ತಂಡ ಗೆಲ್ಲುವುದಿಲ್ಲವೆಂದು ಗೊತ್ತಿದ್ದರಿಂದ ಅವನನ್ನೂ ಸೇರಿಸಿಕೊಂಡರು. ಶಹಾಪುರದಲ್ಲಿ ಪಂದ್ಯ ಗೆದ್ದ ದಿನ ಟ್ರ್ಯಾಕ್ಟರಿನ ಮೇಲೆ ಕಪ್ ಎತ್ತಿ ಹಿಡಿದು ಬಂದವನು ಅಣ್ಣನೇ. ಊರ ಹತ್ತಿರ ಬರುತ್ತಲೇ ಕಪ್ ಕ್ಯಾಪ್ಟನ್ ಕೈಗೆ ಹೋಯಿತು. ಹೋಟೆಲಿನಲ್ಲಿ ಉಳಿದವರು ಒಳಗೆ ಕೂತು ಚಹಾ ಕುಡಿದರು, ಅಣ್ಣ ಹೊರಗೆ ನಿಂತು ಕುಡಿದ. ಮನೆಗೆ ಬಂದು ಅದನ್ನೂ ಹೇಳಿದ, ಆದರೆ ಬೇಸರದಿಂದಲ್ಲ. ಅವನ ತಲೆಯಲ್ಲಿ ಕೊನೆಯ ಪಾಯಿಂಟು ಹೊಡೆದ ಖುಷಿಯೇ ತುಂಬಿತ್ತು.

ಆಮೇಲೆ ಕಾಲುವೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಒಂದು ಸಂಜೆ ಆಟದ ನಡುವೆ ಚೆಂಡು ದಂಡೆ ದಾಟಿ ನೀರಿಗೆ ಬಿತ್ತು. ತರಲು ಇಳಿದ ಅಣ್ಣ ಮೇಲೆ ಬರಲಿಲ್ಲ. ಕಾಲುವೆ ತುಂಬಿ ಹರಿಯುತ್ತಿತ್ತು, ಗೋಡೆಗೆ ಪಾಚಿ ಹಿಡಿದಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ. ನಮ್ಮೂರಿನ ಹುಡುಗರು ಈಜು ಕಲಿಯುವುದು ಬಾವಿಗಳಲ್ಲಿ. ನಮ್ಮ ಕೇರಿಯವರನ್ನು ಬಾವಿಗೆ ಇಳಿಯಲು ಯಾರು ಬಿಡುತ್ತಿದ್ದರು?

ಮರುದಿನ ಕೆಳಗಿನ ಊರಿನ ಕಾಲುವೆ ಗೇಟಿನ ಹತ್ತಿರ ಹೆಣವಾಗಿ ಸಿಕ್ಕ. ಯಾರು ಬೇಡವೆಂದರೂ ಕೇಳದೆ, ಆಟದ ಹುಚ್ಚಿನಲ್ಲಿ ತಾನೇ ಹಾರಿದ ಎಂದು ಆಟಗಾರರೆಲ್ಲ ಹೇಳಿದರು. ಅವ್ವ ನಂಬಿದಳು. ಸತ್ತ ಮಗನನ್ನು ಬೈಯುತ್ತಲೇ ಅತ್ತಳು. ಮುಂದೆ ವರ್ಷಗಟ್ಟಲೆ, ಅವನ ನೆನಪು ಬಂದಾಗಲೆಲ್ಲ ಬೈಗುಳವೇ ಮೊದಲು ಬರುತ್ತಿತ್ತು.

ಆ ಸಂಜೆಯ ನಂತರ ಅಲ್ಲಿ ಯಾರೂ ಆಡಲಿಲ್ಲ. ಕಾಲುವೆಯ ಬಸಿನೀರು ನುಗ್ಗಿ ಮೈದಾನ ಜೌಗಾಯಿತು, ಆಳೆತ್ತರ ಹುಲ್ಲು ಬೆಳೆಯಿತು. ಅದರ ನಡುವೆ ಪೈಪುಗಳು ತುಕ್ಕು ಹಿಡಿದು ನಿಂತಿದ್ದವು.

ನಾನು ಓದಿ ಶಹಾಪುರದಲ್ಲಿ ಶಿಕ್ಷಕಿಯಾದೆ. ಕೆಲವು ವರ್ಷಗಳ ಹಿಂದೆ ಊರಿನ ಯುವಕರು ನನ್ನನ್ನು ಹುಡುಕಿಕೊಂಡು ಬಂದರು. ಮೈದಾನಕ್ಕೆ ಮಣ್ಣು ತುಂಬಿ ಅಂಗಡಿ ಕಟ್ಟುತ್ತಾರಂತೆ.

“ಯಕ್ಕಾ, ಮಣ್ಣು ಬೀಳೋದ್ರಾಗ ಆ ಜಾಗಾದ ಕಥಿ ಬರ್ದುಕೊಡ್ರಿ, ಪುಸ್ತಕ ಮಾಡಸ್ತೀವಿ. ನಮ್ಮೂರ ಟೀಮು ಕಪ್ ಗೆದ್ದಿದ್ದು ನಮ್ಗ ಗೊತ್ತೇ ಇಲ್ಲ” ಎಂದರು.

ಒಪ್ಪಿದೆ. ಅಣ್ಣನ ಹೆಸರು ಉಳಿಯಲಿ ಎಂಬ ಆಸೆಯೂ ಇತ್ತು. ಹಳೆಯ ಆಟಗಾರರ ಮನೆಗಳಿಗೆ ಹೋಗಿ ಅವರ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಎಲ್ಲರೂ ಅಣ್ಣನ ಹೊಡೆತ ಹೊಗಳಿದರು. ಅವನ ಸಾವಿನ ಮಾತು ಬಂದರೆ ಮಾತ್ರ ಬೇಗ ಮುಗಿಸುತ್ತಿದ್ದರು.

ಕೊನೆಗೆ ಕ್ಯಾಪ್ಟನ್ ಮನೆಗೆ ಹೋದೆ. ಅವರಿಗೆ ವಯಸ್ಸಾಗಿತ್ತು, ಲಕ್ವ ಹೊಡೆದು ಒಂದು ಕೈ ಬಿದ್ದುಹೋಗಿತ್ತು. ಶಹಾಪುರದ ಪಂದ್ಯದ ಬಗ್ಗೆ ಉತ್ಸಾಹದಿಂದ ಹೇಳುತ್ತಿದ್ದವರು ಥಟ್ಟನೆ ನಿಲ್ಲಿಸಿ ನನ್ನ ಫೋನನ್ನು ನೋಡಿದರು.

“ಟೀಚರಮ್ಮಾ, ಅದು ಚಾಲೂ ಅದ ಏನು?”

“ಅದ ರೀ. ಬಂದ್ ಮಾಡ್ಲೇನು?”

“ಬ್ಯಾಡ, ಇರ್ಲಿ. ನಿಮ್ಮಣ್ಣ ತಾನಾಗಿ ಹಾರಿಲ್ಲ. ಹೊಸಾ ಬಾಲ್ ಅದು. ಹೋಗಿ ತಾ ಅಂದೆ. ಬ್ಯಾಡ್ರಿ ಗೌಡ್ರ, ನಂಗ ಈಸು ಬರಂಗಿಲ್ಲ ಅಂದ. ‘ಮತ್ತ ನಾ ಇಳೀಲೇನಲೇ?’ ಅಂತ ಬೈದೆ. ಎಲ್ಲಾರೂ ಅಲ್ಲೇ ನಿಂತಿದ್ರು. ಒಬ್ಬರೂ ಬಾಯಿ ಬಿಡ್ಲಿಲ್ಲ.”

ನಾನು ಕೇಳಿದೆ: “ನಿಮ್ಗ ಈಸು ಬರ್ತಿತ್ತೇನ್ರಿ?”

“ಬರ್ತಿತ್ತು. ನಮ್ಮ ಬಾವ್ಯಾಗ ಕಲ್ತಿದ್ದೆ” ಎಂದರು.

ಅವರನ್ನು ಬೈಯಬೇಕೆನಿಸಿತು. ಬೈಯದೆ ಫೋನು ಎತ್ತಿಕೊಂಡು ಎದ್ದು ಬಂದೆ.

ಅವ್ವನಿಗೆ ಹೇಳುವುದೋ ಬೇಡವೋ ಎಂದು ತೊಳಲಾಡಿದೆ. ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದ ಅವಳಿಗೆ ರೆಕಾರ್ಡ್ ಕೇಳಿಸಿದೆ. ಮೊರ ಕೆಳಗಿಟ್ಟು ಕೇಳಿದಳು.

“ಬ್ಯಾಡ ಅಂದಿದ್ನಾ ಅಂವ?”

“ಅಂದಿದ್ನಂತವ್ವ.”

“ಹಂಗಾರ ಇಷ್ಟು ವರ್ಷ ನಾ ಅವಂಗ್ಯಾಕ ಬೈದೆ?” ಎಂದಳು. ಅಂದು ಅವಳು ಊಟ ಮಾಡಲಿಲ್ಲ.

ನಾನು ಕೇಳಿದ್ದನ್ನೆಲ್ಲ ಬರೆದುಕೊಟ್ಟೆ. ಯುವಕರು ಓದಿ ತಲೆ ತಗ್ಗಿಸಿದರು. ಊರಿನ ಹಿರಿಯರು ಮನೆಗೇ ಬಂದರು. “ಸತ್ತವ ತಿರಿಗಿ ಬರ್ತಾನೇನು? ಕಪ್ ಗೆದ್ದಿದ್ದು ಬರೀರಿ, ಇದೊಂದು ತೆಗೀರಿ” ಎಂದರು. ನಾನು ತೆಗೆಯಲಿಲ್ಲ. ಕ್ಯಾಪ್ಟನ್ ಮಕ್ಕಳು ಅಪ್ಪನಿಗೆ ನೆನಪಿನ ಶಕ್ತಿ ಹೋಗಿದೆ ಎಂದು ಸುದ್ದಿ ಹಬ್ಬಿಸಿದರು. ಕ್ಯಾಪ್ಟನ್ ಮತ್ತೆ ಹೊರಗೆ ಕಾಣಿಸಿಕೊಳ್ಳಲಿಲ್ಲ. ಪುಸ್ತಕ ಮಾಡುವ ಯೋಜನೆ ಅಲ್ಲಿಗೇ ನಿಂತಿತು. ನಮ್ಮ ಕೇರಿಯ ಕೆಲವರು ನಾನು ಬರೆದದ್ದನ್ನು ಜೆರಾಕ್ಸ್ ಮಾಡಿಸಿ ಮನೆಮನೆಗೆ ಹಂಚಿದರು. ಎಷ್ಟು ಜನ ಓದಿದರೋ ಗೊತ್ತಿಲ್ಲ.

ಈಗ ಅಲ್ಲಿ ಅಂಗಡಿಗಳಿವೆ, ಗೊಬ್ಬರ ಮಾರುತ್ತಾರೆ. ಅವ್ವ ಆ ಕಡೆ ಹೋಗುವುದಿಲ್ಲ. ಮೊನ್ನೆ ಸಂತೆಯಲ್ಲಿ ಪರಿಚಯದ ಹೆಂಗಸೊಬ್ಬಳು, “ನಿನ್ನ ಮಗ ಕೆನಾಲಿಗಿ ಹಾರಿದ್ನಲ್ಲ” ಎಂದು ಮಾತು ತೆಗೆದಳಂತೆ. ಅವ್ವ ಕೈಚೀಲ ಕೆಳಗಿಟ್ಟು, ಸುತ್ತ ನಿಂತವರಿಗೂ ಕೇಳುವಂತೆ ಹೇಳಿದಳಂತೆ:

“ಹಾರಿಲ್ಲವ್ವ. ಇಳ್ಸಿದ್ರು.”