ಮಂಡ್ಯದ ಮಿಷೀನು, ಮಳವಳ್ಳಿಯ ಮಿಷೀನು

ಇವತ್ತು ಬೆಳಿಗ್ಗೆ ಬಹಳ ದಿನದ ಮೇಲೆ ಮಿಕ್ಸಿ ಹಾಕಿದೆ. ಒಬ್ಬಳ ಬಾಯಿಗೆ ಚಟ್ನಿ ರುಬ್ಬಲು ಯಾರು ಮಿಕ್ಸಿ ಇಳಿಸುತ್ತಾರೆ ಹೇಳಿ, ಉಪ್ಪಿನಕಾಯಿಯಲ್ಲೇ ನಡೆದುಹೋಗುತ್ತದೆ. ಆದರೆ ಪಕ್ಕದ ಮನೆಯವರು ತಮ್ಮ ತೋಟದ್ದೆಂದು ಒಂದು ತೆಂಗಿನಕಾಯಿ ಕೊಟ್ಟು ಹೋಗಿದ್ದರು. ಅದು ಕೆಡುವ ಮೊದಲು ಏನಾದರೂ ಮಾಡಬೇಕಿತ್ತು. ಗುಂಡಿ ತಿರುಗಿಸಿದ ಕೂಡಲೇ ಮೋಟಾರಿನೊಳಗೆ ಕೂತಿದ್ದ ಧೂಳು ಕಾದು ಒಂದು ವಾಸನೆ ಎದ್ದಿತು. ಸುಟ್ಟ ವಾಸನೆಯೆಂದರೆ ಸುಟ್ಟದ್ದಲ್ಲ, ಬಿಸಿ ವಾಸನೆಯೆಂದರೆ ಬರೀ ಬಿಸಿಯದ್ದೂ ಅಲ್ಲ. ಮಿಕ್ಸಿ ಆರಿಸಿ ಸುಮ್ಮನೆ ನಿಂತೆ. ಅದು ನಮ್ಮ ಸರ್ವರ್ ಕೋಣೆಯ ವಾಸನೆ.

ಸರ್ವರ್ ಕೋಣೆ ಎಂದಾಗ ನೀವು ಗಾಜಿನ ಬಾಗಿಲು, ನೀಲಿ ದೀಪ ಎಂದೆಲ್ಲ ಊಹಿಸಿಕೊಳ್ಳಬೇಡಿ. ನಮ್ಮ ಸಂಸ್ಥೆಗೆ ಮಂಡ್ಯದಲ್ಲಿ ಮುಖ್ಯ ಕಚೇರಿ ಮತ್ತು ಶಾಲೆಗಳು, ಮದ್ದೂರಿನಲ್ಲಿ ಒಂದು ಆಸ್ಪತ್ರೆ, ಮಳವಳ್ಳಿಯಲ್ಲಿ ಒಂದು ಕಾಲೇಜು. ಇಷ್ಟಕ್ಕೂ ಸೇರಿ ಬರುವ, ಹೋಗುವ ಇಮೇಲುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಲಿನಕ್ಸ್ ಕಂಪ್ಯೂಟರು ಒಂದೇ. ಅದು ಕೂತಿದ್ದದ್ದು ಮುಖ್ಯ ಕಚೇರಿಯ ಮೆಟ್ಟಿಲ ಕೆಳಗೆ, ಮೊದಲು ಪೊರಕೆ, ಫಿನಾಯಿಲು ಇಡುತ್ತಿದ್ದ ಜಾಗದಲ್ಲಿ. ಅದರ ಮೇಲ್ವಿಚಾರಣೆ ನನ್ನದು. ಹುದ್ದೆಯ ಹೆಸರು ದೊಡ್ಡದಿತ್ತು. ಕೆಲಸವೇನೆಂದು ಯಾರಿಗಾದರೂ ವಿವರಿಸಲು ಹೊರಟರೆ ಅವರು, "ಓ, ಕಂಪ್ಯೂಟರ್ ಮೇಡಂ," ಎಂದು ಮುಗಿಸಿಬಿಡುತ್ತಿದ್ದರು. ನಾನೂ ವಿವರಿಸುವುದನ್ನು ಬಿಟ್ಟೆ.

ಇನ್ನೊಂದು ಕಂಪ್ಯೂಟರು ಬೇಕು, ಇದು ಕೆಟ್ಟರೆ ಅದು ತಾನಾಗಿ ಕೆಲಸ ಎತ್ತಿಕೊಳ್ಳುವಂತಿರಬೇಕು ಎಂದು ನಾನು ಹೇಳುತ್ತಲೇ ಇದ್ದೆ. ಕಾರ್ಯದರ್ಶಿಗಳು, "ಈಗ ಓಡುತ್ತಿದೆಯಲ್ಲಮ್ಮ?" ಎನ್ನುತ್ತಿದ್ದರು. ಓಡುತ್ತಿತ್ತು ನಿಜ. ಒಂದು ಬೇಸಿಗೆಯ ಗಾಳಿಮಳೆಯಲ್ಲಿ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಯುಪಿಎಸ್ ಸುಟ್ಟಿತು. ಜೊತೆಗೆ ಡಿಸ್ಕೂ ಹೋಯಿತು. ಹೊಸ ಡಿಸ್ಕು ತರಿಸಿ, ಎಲ್ಲವನ್ನೂ ಮೊದಲಿನಿಂದ ಹಾಕಿ ನಿಲ್ಲಿಸುವಷ್ಟರಲ್ಲಿ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಮದ್ದೂರಿನ ಆಸ್ಪತ್ರೆಯಲ್ಲಿ ಅವರ ತಾಯಿ ಇದ್ದರು. ಗಡ್ಡೆಯ ಚೂರನ್ನು ಪರೀಕ್ಷೆಗೆಂದು ಮೈಸೂರಿಗೆ ಕಳಿಸಿದ್ದರು. ವರದಿ ಇಮೇಲಿನಲ್ಲಿ ಬರಬೇಕಿತ್ತು, ಬಂದಿರಲಿಲ್ಲ.

"ಯಾವ್ದೋ ಮಿಸೀನು ಕೆಟ್ಟೋಗದೆ ಅಂತಾರೆ. ನೀವೇನಾ ಅದ್ರವ್ರು?" ಎಂದು ಕೇಳಿದರು.

"ನಾನೇ ಕಣಮ್ಮ," ಎಂದೆ.

ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತರು. ನಾನು ಕೆಳಗೆ ಮಂಡಿಯೂರಿ ಕೆಲಸ ಮಾಡುತ್ತಿದ್ದರೆ ಅವರ ಚಪ್ಪಲಿ ನನ್ನ ತಲೆಯ ಮಟ್ಟಕ್ಕೆ ಕಾಣುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ವರದಿ ಬಂತು. ಗಡ್ಡೆ ಕೆಟ್ಟದ್ದಲ್ಲ ಎಂದಿತ್ತು. ಅವರು ಅಳುತ್ತ ನನ್ನ ಕೈ ಹಿಡಿದುಕೊಂಡರು. ಆ ಕೈಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅಮ್ಮ ಹೋದ ಮೇಲೆ ಯಾರೂ ಅಷ್ಟು ಹೊತ್ತು ನನ್ನ ಕೈ ಹಿಡಿದಿರಲಿಲ್ಲ. ಆ ಹೆಂಗಸನ್ನು ಕಾರ್ಯದರ್ಶಿಗಳೂ ನೋಡಿದ್ದರು. ಎರಡನೆಯ ಕಂಪ್ಯೂಟರಿಗೆ ಒಪ್ಪಿಗೆ ಸಿಕ್ಕಿತು.

ಅದನ್ನು ಮಂಡ್ಯದಲ್ಲೇ ಇಟ್ಟರೆ ಅದೇ ಕರೆಂಟು, ಅದೇ ಸಿಡಿಲು. ಹಾಗಾಗಿ ಮಳವಳ್ಳಿಯ ಕಾಲೇಜಿನಲ್ಲಿ ಇಡುವುದೆಂದಾಯಿತು. ಅಲ್ಲಿಯ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದವನು ಸಿದ್ದರಾಜು, ಪೂರಿಗಾಲಿಯವನು. ಮೀಟಿಂಗುಗಳಲ್ಲಿ ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆವು, ನಮಸ್ಕಾರದಾಚೆಗೆ ಮಾತಾಡಿರಲಿಲ್ಲ. ಈ ಕೆಲಸ ಶುರುವಾದ ಮೇಲೆ ದಿನಕ್ಕೆ ಎಷ್ಟು ಸಲ ಫೋನು ಮಾಡಿದೆವೋ ಲೆಕ್ಕವಿಲ್ಲ. ಮೊದಲು "ಮೇಡಂ" ಎನ್ನುತ್ತಿದ್ದವನು ಯಾವಾಗಲೋ "ಅಕ್ಕ" ಎನ್ನತೊಡಗಿದ.

ಕೆಲಸ ಕೇಳುವುದಕ್ಕೆ ಸುಲಭ. ಇಲ್ಲಿಗೆ ಬಂದ ಪ್ರತಿ ಇಮೇಲಿನ ನಕಲು ಕೂಡಲೇ ಅಲ್ಲಿಗೂ ಹೋಗಬೇಕು. ಎರಡೂ ಕಂಪ್ಯೂಟರುಗಳು ಒಂದನ್ನೊಂದು ಆಗಾಗ ವಿಚಾರಿಸಿಕೊಳ್ಳುತ್ತಿರಬೇಕು. ಇಲ್ಲಿಯದು ಉತ್ತರ ಕೊಡದಿದ್ದರೆ ಅಲ್ಲಿಯದು ತಾನೇ ಯಜಮಾನನಾಗಬೇಕು, ನಮ್ಮಿಬ್ಬರ ಮೊಬೈಲಿಗೂ ಸುದ್ದಿ ಕಳಿಸಬೇಕು. ಇಷ್ಟನ್ನು ಬರೆದು ಕೂರಿಸಿ ನಾವು ಬೀಗುತ್ತಿರುವಾಗಲೇ, ರಸ್ತೆ ಅಗೆಯುವವರು ಎಲ್ಲೋ ಕೇಬಲ್ಲು ಕಡಿದರು. ಎರಡು ಕಂಪ್ಯೂಟರುಗಳೂ ಚೆನ್ನಾಗಿಯೇ ಇದ್ದವು, ನಡುವಿನ ದಾರಿ ಮಾತ್ರ ಇರಲಿಲ್ಲ. ಎರಡೂ ಯಜಮಾನಿಕೆ ವಹಿಸಿಕೊಂಡವು. ಅರ್ಧ ಇಮೇಲು ಇಲ್ಲಿ, ಅರ್ಧ ಅಲ್ಲಿ.

"ನಿಮ್ದು ಸತ್ತೋಗದೆ ಅಂತ ನಮ್ದು ಅಂದ್ಕಂಡದೆ ಕಣಕ್ಕ," ಎಂದ ಸಿದ್ದರಾಜು ಫೋನಿನಲ್ಲಿ. "ನಮ್ದು ಸತ್ತೋಗದೆ ಅಂತ ನಿಮ್ದು ಅಂದ್ಕಂಡದೆ. ಎರಡೂ ತಿಥಿ ಮುಗಿಸ್ಕಂಡು ಕೂತವೆ!"

ನಾನು ಆ ಮೆಟ್ಟಿಲ ಕೆಳಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೇಲೆ ಹತ್ತಿ ಹೋಗುತ್ತಿದ್ದ ಗುಮಾಸ್ತರು ಬಗ್ಗಿ ನೋಡಿದರು. ನಾನು ನಗುವುದನ್ನು ಅವರು ಅದುವರೆಗೆ ಕಂಡಿರಲಿಲ್ಲವೆಂದು ಕಾಣುತ್ತದೆ.

ಇದಕ್ಕೆ ಪರಿಹಾರವೆಂದರೆ ಮೂರನೆಯ ಸಾಕ್ಷಿ. ಮದ್ದೂರಿನ ಆಸ್ಪತ್ರೆಯಲ್ಲಿ ಒಂದು ಪುಟ್ಟ ಕಂಪ್ಯೂಟರು ಇಟ್ಟೆವು. ಅದು ಇಮೇಲನ್ನು ಮುಟ್ಟುವುದಿಲ್ಲ. ಮಂಡ್ಯದ್ದು ಕಾಣುತ್ತಿದೆಯೇ, ಮಳವಳ್ಳಿಯದು ಕಾಣುತ್ತಿದೆಯೇ ಎಂದು ನೋಡುತ್ತಿರುವುದಷ್ಟೇ ಅದರ ಕೆಲಸ. ಮಂಡ್ಯದ್ದು ಕಾಣುತ್ತಿಲ್ಲವೆಂದು ಅದೂ ಹೇಳಿದರೆ ಮಾತ್ರ ಯಜಮಾನಿಕೆ ಬದಲಾಗಬೇಕು. ಅದನ್ನು ಕೂರಿಸಲು ಇಬ್ಬರೂ ಮದ್ದೂರಿಗೆ ಹೋದೆವು. ಊಟದ ಹೊತ್ತಿನಲ್ಲಿ ಸಿದ್ದರಾಜು ಡಬ್ಬಿ ಬಿಚ್ಚಿ ನನಗೂ ಒಂದು ಇಟ್ಟ. "ನಮ್ಮನೆಯವ್ಳು ಯಶೋಧ ಕಳ್ಸವ್ಳೆ. ಅಕ್ಕಂಗೂ ಒಂದು ಡಬ್ಬಿ ಮಡ್ಗಿವ್ನಿ, ಓಟ್ಲು ಊಟ ಮಾಡಕ್ಕೆ ಬುಡಬ್ಯಾಡಿ ಅಂದ್ಲು." ನನ್ನನ್ನು ನೋಡಿರದವಳೊಬ್ಬಳು ನನಗಾಗಿ ಮುದ್ದೆ ಕಟ್ಟಿ, ಉಪ್ಸಾರಿಗೆ ಖಾರ ಅರೆದಿದ್ದಳು. ನಾನು ರುಚಿ ಚೆನ್ನಾಗಿದೆ ಎಂದಷ್ಟೇ ಹೇಳಿದೆ.

ಕೊನೆಗೆ ಪರೀಕ್ಷೆಯ ದಿನ. ನಾನು ಮಂಡ್ಯದಲ್ಲಿ ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು, ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದ ವೈರನ್ನು ಹಿಡಿದು ಕೂತೆ. ಚೆನ್ನಾಗಿ ಓಡುತ್ತಿರುವುದನ್ನು ಕೈಯಾರೆ ಕೀಳಬೇಕು. ಬೆರಳು ಬರಲಿಲ್ಲ.

"ಕಿತ್ತಾಕಿ ಅಕ್ಕಾ. ನಾನಿವ್ನಿ ಈ ಕಡೆ," ಎಂದ.

ಕಿತ್ತೆ. ಫೋನಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ, "ಎತ್ಕಂಡ್ತು ಕಣಕ್ಕ! ನಮ್ದು ಎತ್ಕಂಡ್ತು! ಮೇಲು ಬತ್ತಾ ಅವೆ!" ಎಂದು ಕೂಗಿದ. ಅವನ ಲ್ಯಾಬಿನ ಹುಡುಗರು ಯಾಕೆಂದು ತಿಳಿಯದೆ ಚಪ್ಪಾಳೆ ತಟ್ಟಿದ್ದು ಇಲ್ಲಿಗೂ ಕೇಳಿಸಿತು.

ಆವತ್ತಿನಿಂದ ವ್ಯವಸ್ಥೆ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಸಿದ್ದರಾಜುವಿಗೆ ಫೋನು ಮಾಡಲು ನನಗೆ ಕಾರಣವೇ ಉಳಿಯಲಿಲ್ಲ. ಅವನಿಗೂ ಅಷ್ಟೆ. ಅಪರೂಪಕ್ಕೆ ಮಂಡ್ಯದ್ದು ನಿಂತರೆ ಇಬ್ಬರಿಗೂ ಸುದ್ದಿ ಬರುತ್ತಿತ್ತು. ನಾನು ಹೋಗಿ ಸರಿಮಾಡಿ, "ಎದ್ದಿತು" ಎಂದು ಒಂದು ಮಾತು ಹೇಳಿ ಇಡುತ್ತಿದ್ದೆ. ಸುಮ್ಮನೆ ಮಾತಾಡುವುದಕ್ಕೆಂದು ಫೋನು ಮಾಡುವುದು ನನಗೆ ಬಾರದ ವಿದ್ಯೆ. ಒಂದೆರಡು ಸಲ, ಏನಾದರೂ ಸಣ್ಣದೊಂದು ಕೆಡಬಾರದೇ ಎಂದುಕೊಂಡದ್ದುಂಟು. ಇಂಥ ಆಸೆ ಇಟ್ಟುಕೊಂಡವಳ ಕೈಯಲ್ಲಿ ಮೂರೂ ಊರುಗಳ ಇಮೇಲು ಇತ್ತು, ನೋಡಿ.

ಆಮೇಲೆ ಒಂದು ಮಳೆಗಾಲ ನನಗೆ ಜ್ವರ ಬಂತು. ಮಾತ್ರೆ ನುಂಗಿ ಮಲಗಿದೆ. ಮಾರನೆಯ ದಿನ ಏಳಲಾಗಲಿಲ್ಲ. ಅದರ ಮಾರನೆಯ ದಿನ ಯಾವುದು ಬೆಳಿಗ್ಗೆ ಯಾವುದು ಸಂಜೆ ಎಂಬುದೂ ತಪ್ಪಿತು. ಫೋನು ಚಾರ್ಜು ಮುಗಿದು ಸತ್ತಿತ್ತು. ಚಾರ್ಜರು ಎದುರಿನ ಗೋಡೆಯಲ್ಲಿ ಕಾಣುತ್ತಿತ್ತು, ಅಲ್ಲಿಯವರೆಗೆ ಹೋಗುವುದು ಆಗದ ಮಾತಾಗಿತ್ತು. ಹಾಸಿಗೆಯಲ್ಲಿ ಬಿದ್ದು ಯೋಚಿಸಿದೆ: ನಾನು ಬಾರದ್ದು ಯಾರಿಗೆ ಗೊತ್ತಾಗುತ್ತದೆ? ರಜೆ ಎಂದುಕೊಳ್ಳುತ್ತಾರೆ. ಹೊಳಲಿನಲ್ಲಿ ದೊಡ್ಡಪ್ಪನ ಮಕ್ಕಳಿದ್ದಾರೆ, ಮದುವೆಗೆ, ತಿಥಿಗೆ ಕರೆಯುತ್ತಾರೆ. ಈಗ ಎರಡೂ ಇರಲಿಲ್ಲ. ಅಳು ಬರಲಿಲ್ಲ. ಬಾಯಾರಿಕೆ ಮಾತ್ರ ಇತ್ತು.

ಆ ದಿನಗಳಲ್ಲೇ ಮಂಡ್ಯದ ಕಂಪ್ಯೂಟರು ನಿಂತಿತು. ಮಳವಳ್ಳಿಯದು ಎತ್ತಿಕೊಂಡಿತು. ಕಚೇರಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಇಮೇಲು ಬರುತ್ತಲೇ ಇತ್ತು. ಸುದ್ದಿ ಬಂದದ್ದು ಸಿದ್ದರಾಜುವಿನ ಮೊಬೈಲಿಗೆ. ನನ್ನ ಫೋನಿಗಾಗಿ ಕಾದ, ಬರಲಿಲ್ಲ. ತಾನೇ ಮಾಡಿದ, ಹೋಗಲಿಲ್ಲ. ಮುಖ್ಯ ಕಚೇರಿಗೆ ಮಾಡಿದರೆ, "ಮೇಲು ಬರ್ತಾ ಇದೆಯಲ್ರೀ, ನಿಮಗೇನು ತೊಂದರೆ? ಮೇಡಂ ರಜೆ ಇರ್ಬೇಕು," ಎಂದರಂತೆ. ಮಂಡ್ಯದ ಮಿಷೀನು ಅಷ್ಟು ಹೊತ್ತು ಬಿದ್ದಿರಲು ನಾನು ಬಿಡುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಒಂಟಿ ಹೆಂಗಸಿನ ಮನೆಗೆ ಒಬ್ಬನೇ ಹೋಗುವುದು ಸರಿಯಲ್ಲವೆಂದು ಯಶೋಧಳನ್ನು ಕರೆದುಕೊಂಡು ಬಸ್ಸು ಹತ್ತಿದ.

ಬಾಗಿಲು ಬಡಿಯುವ ಸದ್ದು ಕನಸಿನೊಳಗಿನದೆಂದು ತಿಳಿದೆ. ಹೊರಗೆ ಪಕ್ಕದ ಮನೆಯವರು, "ಯಾಕೋ ಬಾಗ್ಲೇ ತೆಗ್ದಂಗಿಲ್ಲ ಕಣಮ್ಮ," ಎನ್ನುತ್ತಿದ್ದರು. ಆಮೇಲೆ ಫೋನಿನಲ್ಲಿ ಕೇಳಿ ಕೇಳಿ ಪರಿಚಯವಾದ ದನಿ, ಕಿಟಕಿಯ ಹತ್ತಿರ.

"ಅಕ್ಕಾ! ನಾನು, ಸಿದ್ರಾಜು. ಒಳ್ಗಡೆ ಇದ್ದೀರಾ?"

"ಇದೀನಿ," ಎಂದೆ. ಹೊರಗೆ ಕೇಳಿಸಿತೋ ಇಲ್ಲವೋ. ಗೋಡೆ ಹಿಡಿದು, ತೆವಳಿ ಹೋಗಿ ಚಿಲಕ ತೆಗೆದದ್ದು ನೆನಪಿದೆ. ಬಾಗಿಲಲ್ಲಿ ಕಂಡ ಅಪರಿಚಿತ ಹೆಂಗಸು ನಾನು ಬೀಳುವ ಮೊದಲೇ ತೋಳಿಗೆ ಕೈ ಹಾಕಿದಳು. "ಅಯ್ಯೋ, ಮೈ ಕೆಂಡ ಆಗದಲ್ಲಕ್ಕ," ಎಂದಳು. ಯಶೋಧಳನ್ನು ನಾನು ಮೊದಲು ನೋಡಿದ್ದು ಹೀಗೆ.

ಆಸ್ಪತ್ರೆಯಲ್ಲಿ ಡೆಂಗಿ ಎಂದರು. ರಕ್ತದ ಕಣಗಳು ಬಹಳ ಇಳಿದಿದ್ದವು, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಗೊಣಗಿದರು. ಸಿದ್ದರಾಜು ಮೆಟ್ಟಿಲ ಕೆಳಗೆ ಹೋಗಿ ಕಂಪ್ಯೂಟರು ಎಬ್ಬಿಸಿ ಊರಿಗೆ ಮರಳಿದ. ಯಶೋಧ ಆಸ್ಪತ್ರೆಯಲ್ಲೇ ನನ್ನ ಮಂಚದ ಪಕ್ಕ ಉಳಿದಳು. ಗಂಜಿ ಕುಡಿಸಿದಳು, ತಲೆ ಬಾಚಿದಳು. ಸುದ್ದಿ ತಿಳಿದು ಹೊಳಲಿನಿಂದ ದೊಡ್ಡಪ್ಪನ ಸೊಸೆ ಬಂದರು. ಯಶೋಧ ಚಮಚದಲ್ಲಿ ಗಂಜಿ ಕೊಡುತ್ತಿರುವುದನ್ನು ನೋಡುತ್ತ ನಿಂತು, "ಇವ್ರು ಯಾವ ಪೈಕಿ?" ಎಂದು ಕೇಳಿದರು. ಆ ಪ್ರಶ್ನೆ ಕೇಳುವುದು ಜಾತಿಯನ್ನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಯಶೋಧಳ ಕೈ ನಿಂತಿತು.

"ನಮ್ಮ ಪೈಕಿ ಕಣಕ್ಕ," ಎಂದೆ.

ಅವರು ತಂದಿದ್ದ ಮೂಸಂಬಿಯನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಕೂತು ಹೋದರು. ಯಶೋಧ ಮೂಸಂಬಿ ಸುಲಿದು, ಬೀಜ ತೆಗೆದು, ಒಂದು ತೊಳೆ ನನ್ನ ಬಾಯಿಗಿಟ್ಟು, ಇನ್ನೊಂದನ್ನು ತಾನು ತಿಂದಳು.

ಚೇತರಿಸಿಕೊಂಡು ಕಚೇರಿಗೆ ಹೋದ ದಿನ ಗುಮಾಸ್ತರು, "ರಜೆಲಿ ಎಲ್ಲಿಗೆ ಹೋಗಿದ್ರಿ ಮೇಡಂ? ಸಣ್ಣಗಾಗಿದ್ದೀರಿ," ಎಂದರು. ಮೆಟ್ಟಿಲ ಕೆಳಗೆ ಕೂತು ಹಳೆಯ ದಾಖಲೆ ನೋಡಿದೆ. ನಾನಿಲ್ಲದಾಗ ಒಂದು ಇಮೇಲೂ ತಪ್ಪಿರಲಿಲ್ಲ. ಹೆಮ್ಮೆಯಾಗಬೇಕಿತ್ತು, ಆಯಿತು ಕೂಡ. ಆದರೆ ಆವತ್ತು ಬೇಗ ಮನೆಗೆ ಹೋದೆ.

ಈಚೆಗೆ ಸಂಸ್ಥೆಯವರು ಇಮೇಲನ್ನು ಹೊರಗಿನ ದೊಡ್ಡ ಕಂಪನಿಯೊಂದಕ್ಕೆ ಒಪ್ಪಿಸಿದರು. ತಪ್ಪೆಂದು ಹೇಳಲಾರೆ. ನಮ್ಮ ಕಂಪ್ಯೂಟರುಗಳಿಗೂ ವಯಸ್ಸಾಗಿತ್ತು, ನನಗೂ. ಎರಡನ್ನೂ ಆರಿಸಬೇಕೆಂದು ಹೇಳಿದರು. ನಾನು ಮಂಡ್ಯದ್ದನ್ನು ಆರಿಸಿದೆ. ಕಲಿಸಿದ್ದನ್ನು ಮರೆಯದ ಮಳವಳ್ಳಿಯದು ಕೆಲಸ ಎತ್ತಿಕೊಂಡಿತು.

"ಎತ್ಕಂಡ್ತು ಕಣಕ್ಕ," ಎಂದ ಸಿದ್ದರಾಜು. ಈ ಸಲ ಕೂಗಲಿಲ್ಲ.

"ಅದನ್ನೂ ಆರ್ಸಪ್ಪ."

"ಊಂ." ಸ್ವಲ್ಪ ಹೊತ್ತಾದ ಮೇಲೆ, "ಆಯ್ತು," ಎಂದ. ಇಬ್ಬರೂ ಫೋನು ಇಟ್ಟೆವು.

ಅದೇ ವರ್ಷ ಅವನು ಕೆಲಸ ಬಿಟ್ಟು ಪೂರಿಗಾಲಿಯಲ್ಲಿ ರೇಷ್ಮೆ ಶುರುಮಾಡಿದ. ನನಗೂ ನಿವೃತ್ತಿಯಾಯಿತು. ಯಶೋಧ ಒಂದೆರಡು ಸಲ ಮನೆಗೆ ಕರೆದಳು; ಬರುತ್ತೇನೆ ಎಂದೆ, ಹೋಗಲಿಲ್ಲ. ಏನೆಂದು ಹೋಗುವುದು? ಆಮೇಲೆ ಫೋನೂ ನಿಂತಿತು. ಯಾರಿಗೂ ಯಾರ ಮೇಲೂ ಕೋಪವಿಲ್ಲ. ಕಾರಣವಿಲ್ಲ, ಅಷ್ಟೆ.

ಇವತ್ತು ಚಟ್ನಿಯನ್ನು ಅರ್ಧಕ್ಕೆ ಬಿಟ್ಟು ಫೋನು ಕೈಗೆತ್ತಿಕೊಂಡೆ. ಏನು ಕೇಳಲಿ ಎಂದು ಬಹಳ ಹುಡುಕಿದೆ; ಹಳೆಯ ಪಾಸ್‌ವರ್ಡು ಒಂದನ್ನು ಕೇಳಬಹುದೆಂದೂ ಹೊಳೆಯಿತು. ಹಾಗೆಯೇ ಸಿದ್ದರಾಜುವಿನ ನಂಬರು ಒತ್ತಿಬಿಟ್ಟೆ.

"ಯೋಳಿ ಅಕ್ಕಾ, ಏನಾಯ್ತು? ಏನ್ ನಿಂತೋಯ್ತು?" ಗಾಬರಿಯ ದನಿ.

"ಏನೂ ನಿಂತಿಲ್ಲ ಕಣಪ್ಪ. ಸುಮ್ನೆ ಮಾಡ್ದೆ."

"ಸುಮ್ನೆನಾ?"

"ಊಂ. ಸುಮ್ನೆ."

ಅವನು, "ರೇಸ್ಮೆ ಉಳಕ್ಕೆ ಸೊಪ್ಪಾಕ್ತಾ ಇವ್ನಿ ಅಕ್ಕ, ಎರಡು ಕೈಲೂ ಸೊಪ್ಪದೆ. ಇಟ್ಬುಡಬ್ಯಾಡಿ ಮತ್ತೆ. ಪೋನ ಇಲ್ಲೇ ತಟ್ಟೆ ಪಕ್ಕ ಮಡ್ಗಿರ್ತೀನಿ," ಎಂದ.

ಮೊದಲು ಏನೂ ಕೇಳಲಿಲ್ಲ. ಕ್ರಮೇಣ ಸಣ್ಣಗೆ, ಬಿಡುವಿಲ್ಲದೆ, ಸರಸರ ಎನ್ನುವ ಸದ್ದು ಕಿವಿಗೆ ಹತ್ತಿತು. ಸಾವಿರ ಬಾಯಿಗಳು ಸೊಪ್ಪು ತಿನ್ನುವ ಸದ್ದು. ದೂರದಲ್ಲಿ ಯಶೋಧ, "ಯಾರದು?" ಎಂದು ಕೇಳಿದಳು.

"ಅಕ್ಕ."

"ಏನಂತೆ?"

"ಏನಿಲ್ವಂತೆ. ಸುಮ್ನೆಯಂತೆ."

ನಾನು ಅಡುಗೆಮನೆಯ ಕಟ್ಟೆಗೆ ಒರಗಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಕೇಳುತ್ತ ನಿಂತೆ.