ದಮ್ಮಿನ ಗುಳಿಗೆ, ಮನೆಮನೆಯ ಬೆಲ್ಲ

ಗಜೇಂದ್ರಗಡದ ಮಗ್ಗದ ಸೀರೆಗಳನ್ನು ಗಂಟು ಕಟ್ಟಿ, ಹೆಗಲ ಮೇಲೆ ಹೊತ್ತು, ಊರೂರು ತಿರುಗಿ ಮಾರುವುದು ನನ್ನ ಕಸುಬಾಗಿತ್ತು. ಅದಕ್ಕೆ ಬೇಕಾದದ್ದು ಎರಡೇ: ಗಟ್ಟಿ ಹೆಗಲು, ಗಟ್ಟಿ ಬಾಯಿ. ಬಾಯಿಯ ಮಟ್ಟಿಗೆ ದೇವರು ಕೈ ಬಿಚ್ಚಿ ಕೊಟ್ಟಿದ್ದ. ಮಾತಿಗೆ ಬೇಕಾದ ಉಸಿರು ಕೊಡುವಾಗ ಮಾತ್ರ ಮುಷ್ಟಿ ಬಿಗಿಹಿಡಿದ. ಮೂವತ್ತು ದಾಟುವುದರೊಳಗೆ ನನಗೆ ದಮ್ಮು ಗಂಟುಬಿತ್ತು. ಸವಡಿ ಊರಿನ ಅಗಸೆಬಾಗಿಲಿನಿಂದ ಮೊದಲ ಮನೆ ಮುಟ್ಟುವಷ್ಟರಲ್ಲಿ ಮೂರು ಕಟ್ಟೆಗಳ ಮೇಲೆ ಕೂತು ಏಳುತ್ತಿದ್ದೆ. "ಸೀರಿ" ಎಂದು ಕೂಗಲು ಹೋದರೆ "ಸೀ" ಮಾತ್ರ ಹೊರಬೀಳುತ್ತಿತ್ತು. ಉಳಿದದ್ದನ್ನು ಹೆಂಗಸರು ತಾವೇ ಸೇರಿಸಿಕೊಂಡು ಬಾಗಿಲಿಗೆ ಬರುತ್ತಿದ್ದರು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ರೋಣದ ಡಾಕ್ಟರೊಬ್ಬರು ಹೊಸದಾಗಿ ಬಂದ ಸಣ್ಣ ಬಿಳಿ ಗುಳಿಗೆ ಕೊಟ್ಟರು. ಅದು ಸ್ಟೀರಾಯ್ಡ್ ಎಂದು ಈಗ ಎಲ್ಲರೂ ಬಲ್ಲರು. ಆಗ ನಮಗೆ ಅದು ಬರೀ ದಮ್ಮಿನ ಗುಳಿಗೆ. ಮೂರನೆಯ ದಿನಕ್ಕೇ ಎದೆ ಹಗುರಾಯಿತು. ಸವಡಿಯ ಒಂದು ಕಟ್ಟೆಯನ್ನೂ ಮುಟ್ಟದೆ ಊರ ನಡುವೆ ಹೋಗಿ ನಿಂತು ಕೂಗಿದರೆ, ಕೊನೆಯ ಓಣಿಯ ನಾಯಿಯೂ ಬೊಗಳಿತು. ಹಸಿವೆ ಹೆಚ್ಚಿತು, ಮುಖ ದುಂಡಗಾಯಿತು. ನರಗುಂದದಲ್ಲಿರುವ ನನ್ನ ಅಕ್ಕ ನೋಡಿ, "ಏನೋ ತಮ್ಮಾ, ಮಾರಿ ಹುಣ್ಣಿವಿ ಚಂದ್ರ ಆಗೇತಲ್ಲೋ! ಹೆಂಡ್ತಿ ಏನ ಉಣಸ್ತಾಳ?" ಎಂದಳು. ಅದು ಗುಳಿಗೆಯಿಂದ ಬಂದ ಊತ ಎಂದು ಯಾರಿಗೆ ಗೊತ್ತು? ನಾನು ಚೆಲುವನಾದೆನೆಂದೇ ತಿಳಿದು ಕನ್ನಡಿಯ ಮುಂದೆ ಮೀಸೆ ತಿರುವಿದ್ದೇ ತಿರುವಿದ್ದು.

ಆಮೇಲೆ ನೀರಡಿಕೆ ಶುರುವಾಯಿತು. ಎಷ್ಟು ಕುಡಿದರೂ ನಾಲಿಗೆ ಒಣಗಿದ ಚರ್ಮದಂತೆ. ನಮ್ಮ ಕಡೆ ಬಂದವರಿಗೆ ಬರೀ ನೀರು ಕೊಡುವ ಮನೆಯಿಲ್ಲ. ತಂಬಿಗೆಯ ಜೊತೆ ತಾಟಿನಲ್ಲಿ ಬೆಲ್ಲದ ಚೂರು ಬರಲೇಬೇಕು; ಬೆಲ್ಲ ಬಾಯಿಗಿಟ್ಟು ಆಮೇಲೆ ನೀರು. ಬೇಡವೆಂದರೆ ಆ ಮನೆಯನ್ನೇ ಬೇಡವೆಂದಂತೆ. ನೀರಡಿಕೆ ಹೆಚ್ಚಿದಂತೆ ನೀರು, ನೀರು ಹೆಚ್ಚಿದಂತೆ ಬೆಲ್ಲ, ಬೆಲ್ಲ ಹೆಚ್ಚಿದಂತೆ ಮತ್ತೆ ನೀರಡಿಕೆ. ಗಾಣದ ಎತ್ತಿನಂತೆ ಸುತ್ತಿದೆ. ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ.

ಗುಳಿಗೆ ಮುಗಿದಾಗ ರೋಣದ ಬಸ್ಸು ಹತ್ತಿದೆ. ಕುಡಿದ ನೀರು ಸುಮ್ಮನಿರುತ್ತದೆಯೇ? ದಾರಿಯಲ್ಲಿ ಎರಡು ಸಲ ಬಸ್ಸು ನಿಲ್ಲಿಸಿ ಇಳಿದು ಹತ್ತಿದೆ. ಮೂರನೆಯ ಸಲ ಕೇಳಿದಾಗ ಕಂಡಕ್ಟರ್, "ಯಜಮಾನ್ರ, ಹಿಂಗಾದ್ರ ರೋಣ ನಾಳಿಗೆ ಮುಟ್ಟತೈತಿ" ಎಂದ.

ಡಾಕ್ಟರರು ಗಾಜಿನ ನಳಿಕೆಯಲ್ಲಿ ನೀಲಿ ನೀರು ಹಾಕಿ, ನನ್ನ ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಂಗಿಯಂಥ ಕೆಂಪಿಗೆ ಬಂದು ನಿಂತಿತು. ಸೀರೆ ಮಾರುವವನ ಬಾಯಿ ಸುಮ್ಮನಿದ್ದೀತೆ?

"ಬಣ್ಣ ಭಾಳ ಚಲೋ ಕೂತೈತ್ರಿ ಸಾಹೇಬ್ರ. ಈ ಬಣ್ಣದ ಸೀರಿ ತಂದ್ರ ಒಂದೂ ಉಳಿಯಾಂಗಿಲ್ಲ."

ಡಾಕ್ಟರರು ನಗಲಿಲ್ಲ. "ಇದು ಸಕ್ರಿ ರೀ. ನೀಲಿ ಉಳದ್ರ ಇಲ್ಲ ಅಂತ, ಕೆಂಪಾದ್ರ ಭಾಳ ಅಂತ. ಈ ಗುಳಿಗಿ ದಮ್ಮು ಇಳಸ್ತದ, ಆದ್ರ ಒಬ್ಬೊಬ್ಬರಿಗೆ ಮೈಯಾಗ ಸಕ್ರಿ ಏರಸ್ತದ. ಸಿಹಿ ಏನೇನ ತಿಂತೀರಿ?"

"ಖರೇ ಹೇಳ್ತೀನ್ರಿ, ಹೋಳಿಗಿ ಮುಟ್ಟಿಲ್ಲ, ಉಂಡಿ ಮೂಸಿಲ್ಲ. ಚಾ ಸೈತ ಕುಡಿಯಾಂಗಿಲ್ಲ."

"ಹಂಗಾರ ಎಲ್ಲಾ ಗುಳಿಗಿದ ಕೆಲಸ. ಸಾವಕಾಶ ಇಳಿಸಿ ಬಿಡಸಬೇಕಾಗ್ತದ."

ಗುಳಿಗೆ ಹೋದರೆ ಉಸಿರು ಹೋಯಿತು. ಉಸಿರು ಹೋದರೆ ಗಂಟು ಹೊರುವವರು ಯಾರು? ಬಾಯಿ ಮತ್ತಷ್ಟು ಒಣಗಿ, "ಒಂದೀಟು ನೀರ ಕೊಡಸ್ರಿ" ಎಂದೆ. ದವಾಖಾನೆಯ ಹಿಂದೆಯೇ ಅವರ ಮನೆ. ಡಾಕ್ಟರರ ತಾಯಿ ತಂಬಿಗೆ ತಂದರು, ತಾಟಿನಲ್ಲಿ ದೊಡ್ಡದೊಂದು ಬೆಲ್ಲದ ಚೂರು. ನಾನು ಅವರ ಮಗನ ಎದುರಿಗೇ ಬೆಲ್ಲ ಕಟಕ್ಕನೆ ಕಡಿದು ನೀರು ಗಟಗಟ ಕುಡಿದೆ.

"ಏನ್ರಿ ಅದು?" ಎಂದರು ಡಾಕ್ಟರರು.

"ನೀರ್ರಿ."

"ನೀರಿಗಿಂತ ಮೊದಲ ತಿಂದದ್ದು?"

"ಅದು ನೀರಿನ ಕೂಡ ಬರೂದಲ್ರಿ!"

"ದಿನಕ್ಕ ಎಷ್ಟ ಮನ್ಯಾಗ ನೀರ ಕುಡೀತೀರಿ?"

"ಇಪ್ಪತ್ತು... ಸವಡಿಗೆ ಹೋದ ದಿನ ಇಪ್ಪತ್ತೈದು."

ಡಾಕ್ಟರರು ಹಣೆ ಹಿಡಿದುಕೊಂಡರು. ತಾಯಿ ಸಿಟ್ಟಾದರು: "ಅವಗ್ಯಾಕ ಬೈತಿಯೋ? ಮನಿಗೆ ಬಂದಾವಗ ಬರೇ ನೀರ ಕೊಡ್ಲೇನು?"

"ಅವ್ವಾ, ನಾನೊಂದು ಗುಳಿಗಿ ಕೊಡತೀನಿ, ನೀವೆಲ್ಲಾ ಕೂಡಿ ಒಂದು ಕೊಡತೀರಿ. ನಿಮ್ಮದ ಗೆದ್ದದ" ಎಂದು, ಡಾಕ್ಟರರು ನನ್ನ ಕಡೆ ತಿರುಗಿದರು. "ಬೆಲ್ಲ ಪೂರಾ ಬಂದ್. ಗುಳಿಗಿ ನಾ ಬರದಕೊಟ್ಟಂಗ ಇಳಸಕೋತ ಅರ್ಧಕ್ಕ ಬರ್ರಿ. ಒಮ್ಮಿಗೇ ಬಿಟ್ಟಗಿಟ್ಟೀರಿ, ಜೀವಕ್ಕ ಕುತ್ತು. ಹದಿನೈದು ದಿನಕ್ಕ ಮತ್ತ ಕೆಂಪ ಬಂತೋ, ಗುಳಿಗಿ ಬಿಡಸೂದ ಗ್ಯಾರಂಟಿ."

ಬೆಲ್ಲ ಬಿಡುವುದು ಸುಲಭ, ಕೊಡುವವರ ಕೈ ತಪ್ಪಿಸುವುದು ಕಷ್ಟ. ಅಬ್ಬಿಗೇರಿಯಲ್ಲಿ ನನ್ನ ಹಳೆಯ ಗಿರಾಕಿ ಅಜ್ಜಿಯೊಬ್ಬಳು, "ಯಾಕಪಾ, ನಮ್ಮ ಬೆಲ್ಲ ಕಹಿ ಆತೇನು?" ಎಂದಳು.

"ಇಲ್ಲಬೇ, ನನಗ ಸಕ್ರಿ ಆಗೇತಿ."

"ಸಕ್ರಿ ಆದ್ರ ಸಕ್ರಿ ಬಿಡು. ಬೆಲ್ಲ ಏನ ಮಾಡೇತಿ?"

ಆ ವಾರದವರೆಗೆ ನಾನೂ ಅದೇ ಸಾಲೆಯಲ್ಲಿ ಕಲಿತವನು. "ಮನಿಗೆ ಒಯ್ತೀನಿ" ಎಂದು ಬೆಲ್ಲವನ್ನು ಗಂಟಿನ ಮೂಲೆಗೆ ಕಟ್ಟಿಕೊಂಡೆ. ಈ ಯುಕ್ತಿ ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡು, ಮುಂದಿನ ಮನೆಗಳಲ್ಲೂ ಹಾಗೆಯೇ ಮಾಡಿದೆ. ಸಂಜೆ ಗಂಟು ಬಿಚ್ಚಿದರೆ ಸೀರೆಗಿಂತ ಇರುವೆ ಹೆಚ್ಚು. ಆದರೆ ಒಂದು ಚೂರೂ ಬಾಯಿಗೆ ಹೋಗಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಅದೇ ನಳಿಕೆ, ಅದೇ ದೀಪ. ನೀಲಿ ಮೆಲ್ಲಗೆ ಹಸಿರಾಯಿತು. ಇನ್ನೇನು ಹಳದಿ ಎಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗಲೂ ಹಸಿರೇ.

"ಅರ್ಧ ಗುಳಿಗಿ ಇರಲಿ," ಎಂದರು ಡಾಕ್ಟರರು. "ಪೂರಾ ಮಾತ್ರ ಇನ್ನ ಕೇಳಬ್ಯಾಡ್ರಿ."

ಅರ್ಧ ಗುಳಿಗೆಗೆ ಎದೆಯೂ ಅರ್ಧವೇ ತೆರೆಯುತ್ತಿತ್ತು. ಗಜೇಂದ್ರಗಡದಲ್ಲಿ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಒಂದು ಕಟ್ಟೆಯ ಮೇಲೆ ಕೂತೆ. ಹೊಸ್ತಿಲು ದಾಟುವ ಮೊದಲೇ ಹೆಂಡತಿ ಒಳಗಿನಿಂದ, "ಎದಿ ಸೀಟಿ ಕೇಳಿತು, ನೀವ ಅಂತ ಗೊತ್ತಾತು. ಗುಳಿಗಿ ಬಿಡಿಸಿದ್ರೇನು?" ಎಂದಳು.

"ಇಲ್ಲ. ಅರ್ಧ ಉಳದೈತಿ."

"ಹಂಗಾರ ಗಂಟೂ ಅರ್ಧ ಹೊರ್ರಿ," ಎಂದವಳೇ, ಮರುದಿನಕ್ಕೆಂದು ಕಟ್ಟಿಟ್ಟ ಗಂಟನ್ನು ಬಿಚ್ಚಿ, ಭಾರದ ಸೀರೆಗಳನ್ನು ಒಂದೊಂದಾಗಿ ಎತ್ತಿ ಬದಿಗಿಡತೊಡಗಿದಳು.